ತಾರಸಿಯ ಮೇಲೊಂದು ಹುಲಿ

ಮೊಮ್ಮಗಳ ಮದುವೆಗೆಂದು ಮಾಡಿದ ಅರಳು ಸಂಡಿಗೆಯನ್ನು ಮಲ್ಲೇಶ್ವರದ ನಮ್ಮ ತಾರಸಿಯಲ್ಲಿ ಒಣಗಲು ಹಾಕಿ, ಕೋತಿಗಳು ಹೆದರಲೆಂದು ಒಂದು ಹುಲಿ ಗೊಂಬೆಯನ್ನು ಕಾವಲಿಗೆ ಕೂರಿಸಿದ್ದೆ. ಸಂಜೆ ಹೋಗಿ ನೋಡಿದರೆ ಗಡವ ಕೋತಿಯೊಂದು ಹುಲಿಗೆ ಒರಗಿಕೊಂಡೇ ಸಂಡಿಗೆ ತಿನ್ನುತ್ತಿತ್ತು. ಉಳಿದದ್ದಾದರೂ ಮದುವೆಗೆ ಸಿಗಲೆಂದು ಕೋತಿ ಹಿಡಿಯುವವರಿಗೆ ಫೋನ್ ಮಾಡಿದೆ.

“ಯಾರನ್ನಾದ್ರೂ ಕಚ್ಚಿದೆಯಾ, ಅಮ್ಮಾ?”

“ಇಲ್ಲಪ್ಪ, ಸಂಡಿಗೆ ತಿಂತಿದೆ.”

“ಹಾಗಾದ್ರೆ ನಾಳೆ ನೋಡೋಣ, ಬಿಡಿ.”

“ಪಕ್ಕದಲ್ಲಿ ಹುಲಿನೂ ಇದೆ,” ಎಂದೆ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

ನಾನು ಕಾಫಿಗೆ ನೀರಿಡುವಷ್ಟರಲ್ಲಿ ಬಲೆ ಹಿಡಿದ ನಾಲ್ವರು ಜೀಪಿನಲ್ಲಿ ಬಂದರು. ಅವರ ಗದ್ದಲಕ್ಕೆ ಕೋತಿ ಓಡಿತು. ಅವರಲ್ಲಿ ಹಿರಿಯರು ಹುಲಿಯನ್ನು ತಿರುಗಿಸಿ ನೋಡಿ, “ಇದನ್ನ ಎಲ್ಲಿ ತಗೊಂಡ್ರಿ, ಅಮ್ಮಾ? ನಮ್ಮ ಆಫೀಸಲ್ಲೂ ಕೋತಿ ಕಾಟ,” ಎಂದರು.

ಮನೆಗೆ ಬಂದವರನ್ನು ಬರೀ ಕಾಫಿ ಕೊಟ್ಟು ಕಳಿಸಲಾದೀತೇ? ಉಳಿದ ಸಂಡಿಗೆಯನ್ನು ಕರಿದುಕೊಟ್ಟೆ. ಮದುವೆಗೆ ಸಂಡಿಗೆಯನ್ನು ಅಂಗಡಿಯಿಂದ ತಂದೆವು.