ಚಾಚಾ ಕೊಡುತ್ತಿದ್ದ ರಕ್ತನಾಳ

ಬಲಗಿವಿಯ ಮಡಿಕೆಯಲ್ಲಿ ಅತ್ತರು ಅದ್ದಿದ ಹತ್ತಿಯ ಉಂಡೆ, ಮೊಣಕೈವರೆಗೆ ರಕ್ತ. ಜೇವರ್ಗಿಯ ಮಟನ್ ಅಂಗಡಿಯ ಚಾಚಾನನ್ನು ನಾನು ಮೊದಲ ಸಲ ನೋಡಿದ್ದು ಹೀಗೆ. ನಾನೋ, ಪಕ್ಕದ ಮನೆಯವರು ಮೊಟ್ಟೆ ಕುದಿಸಿದರೆ ಕಿಟಕಿ ಮುಚ್ಚುವಂಥ ಮನೆಯಲ್ಲಿ ಬೆಳೆದವಳು. ಕೊರಳಲ್ಲಿ ಲಿಂಗ, ಕೈಯಲ್ಲಿ ಸ್ಟೀಲ್ ಡಬ್ಬಿ. ಧ್ವನಿ ಗಟ್ಟಿ ಮಾಡಿಕೊಂಡು, "ಕುರಿ ಮೈಯಾಗ ಕೊಳವಿ ಇರ್ತದಲ್ರಿ, ಅದು ಬೇಕಾಗಿತ್ತು" ಎಂದೆ.

ಚಾಚಾ ನನ್ನನ್ನು ಒಮ್ಮೆ, ನನ್ನ ಕೊರಳನ್ನು ಒಮ್ಮೆ ನೋಡಿದರು. ಒಳಗೆ ಹೋಗಿ ಕರುಳು ತೊಳೆದು ತಂದು ಡಬ್ಬಿಗೆ ಹಾಕಿದರು. ಆಮೇಲೆ ಬಗ್ಗಿ, ಯಾರಿಗೂ ಕೇಳಿಸದ ಹಾಗೆ ಹೇಳಿದರು: "ಬಾಯಿ, ಇದಕ್ಕ ಉಪ್ಪು ಹಚ್ಚಿ ಛಲೋತ್ನಾಗ ತಿಕ್ರಿ, ಆಮ್ಯಾಲ ಹುಣಸಿ ನೀರು. ವಾಸನಿ ಹೋಗ್ತದ. ಮನ್ಯಾಗ ಯಾರಿಗೂ ಗೊತ್ತಾಗಾಂಗಿಲ್ಲ." ಕದ್ದು ತಿನ್ನುವ ಲಿಂಗಾಯತರ ಹುಡುಗಿ ಎಂದು ತಿಳಿದು ನನ್ನ ಮಾನ ಕಾಯಲು ಹೊರಟಿದ್ದರು ಪಾಪ! ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಕೊನೆಗೆ ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ.

ನಾನಾಗ ನಮ್ಮೂರು ಇಜೇರಿಯಿಂದ ಜೇವರ್ಗಿ ಹಾದು ದಿನಾ ಕಲಬುರಗಿಗೆ ಬಸ್ಸಿನಲ್ಲಿ ಹೋಗಿ ಕಾಲೇಜಿನ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ಆಕಾರವನ್ನು ನೆನಪಿಟ್ಟುಕೊಳ್ಳುವ ಪಾಲಿಮರ್ ಎಂಬುದೊಂದಿದೆ. ಅದರಿಂದ ಅಗಲವಾದ ಕೊಳವೆ ಮಾಡಿ, ಬಿಸಿ ಮಾಡಿ, ಪೆನ್ನಿನ ರೀಫಿಲ್ಲಿನಷ್ಟು ಸಣ್ಣಗೆ ಒತ್ತಿ ತಣ್ಣಗಾಗಿಸಿದರೆ ಹಾಗೇ ಸಣ್ಣಗಿರುತ್ತದೆ. ಮತ್ತೆ ಮೈಯ ಬಿಸಿ ತಾಗಿತೋ, ತನ್ನ ಮೊದಲಿನ ಅಗಲಕ್ಕೆ ತಾನೇ ಅರಳುತ್ತದೆ. ಮಣಿಕಟ್ಟಿನಲ್ಲೋ ತೊಡೆಯಲ್ಲೋ ಒಂದು ಸಣ್ಣ ತೂತು ಮಾಡಿ, ಕಟ್ಟಿಕೊಂಡ ರಕ್ತನಾಳದವರೆಗೆ ಅದನ್ನು ತೂರಿಸಿದರೆ ಒಳಗೆ ಹೋಗಿ ದಾರಿ ಬಿಡಿಸಬೇಕು. ಲೋಹದ್ದು ಈಗಾಗಲೇ ಇದೆ, ಆದರೆ ಅದು ಜೀವವಿರುವತನಕ ಒಳಗೇ ಉಳಿಯುತ್ತದೆ. ನಮ್ಮದು ಕೆಲಸ ಮುಗಿಸಿ ಮೆಲ್ಲಗೆ ಕರಗಿ ಹೋಗಬೇಕು ಎಂಬುದು ಆಸೆ. ಗಾಜಿನ ಕೊಳವೆಯಲ್ಲಿ ಅದು ಚೆನ್ನಾಗಿಯೇ ಅರಳುತ್ತಿತ್ತು. ನಿಜವಾದ ನಾಳದಲ್ಲಿ ಅರಳುತ್ತದೆಯೇ ಎಂದು ನೋಡಲು ಅದೇ ಮುಂಜಾನೆ ಕೊಯ್ದ ಕುರಿಯ ಕೊರಳಿನ ರಕ್ತನಾಳ ಬೇಕಿತ್ತು.

ಈ ವಿಷಯವನ್ನೇ ನಾನು ಹಿಡಿದದ್ದು ಅಪ್ಪನಿಗಾಗಿ. ಹೃದಯದ ನಾಳ ಕಟ್ಟಿಕೊಂಡಿತೆಂದು ಅಪ್ಪನ ಎದೆಯನ್ನು ನಡುವೆ ಕೊಯ್ದು ಆಪರೇಷನ್ ಮಾಡಿದ್ದರು. ಸ್ನಾನಕ್ಕೆ ಅಂಗಿ ಬಿಚ್ಚಿದಾಗಲೆಲ್ಲ ಆ ಹೊಲಿಗೆಯ ಗುರುತು ಕಾಣುತ್ತಿತ್ತು.

"ಹಂಗಂದ್ರ ನೀವು ಡಾಕ್ಟರ್ ಬಾಯಿ" ಎಂದರು ಚಾಚಾ. ಅಲ್ಲವೆಂದು ಎಷ್ಟು ಸಲ ಹೇಳಿದರೂ, "ಆಗ್ತೀರಲ್ಲ, ಇನ್ಶಾಲ್ಲಾ!" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು. ಅಂದಿನಿಂದ ವಾರಕ್ಕೊಮ್ಮೆ ನನ್ನ ಬಸ್ಸು ಬರುವ ಹೊತ್ತಿಗೆ, ತೂಗುಹಾಕಿದ ಮಾಂಸದ ಮುಂದೆ ಹಸಿರು ಪರದೆ ಎಳೆದು, ಕಟ್ಟೆಗೆ ನೀರು ಹೊಡೆದು, ಸೋಪು ಹಚ್ಚಿ ಕೈ ತೊಳೆದು ನಿಂತಿರುತ್ತಿದ್ದರು. ನಾಳವನ್ನು ನನ್ನ ಉಪ್ಪುನೀರಿನ ಡಬ್ಬಿಯಲ್ಲಿಟ್ಟು ಬಿಳಿ ಬಟ್ಟೆ ಸುತ್ತುತ್ತಿದ್ದರು. ಅದನ್ನು ಹೆಸರು ಹಿಡಿದು ಕರೆದವರಲ್ಲ. "ತಗೋರಿ, ನಿಮ್ಮ ಸಾಮಾನು." ಗಿರಾಕಿಗಳ ಮೇಲೆ ಮಾತ್ರ ಹರಿಹಾಯುವವರು. ಎಲುಬು ಜಾಸ್ತಿ ಬಂತೆಂದು ಗೊಣಗಿದವನಿಗೆ, "ಎಲುಬಿಲ್ಲದ ಕುರಿ ಅಫಜಲಪುರ ಸಂತಿಯಾಗ ಸಿಕ್ರ ನನಗೂ ಒಂದು ಹೊಡಕೊಂಡ್ ಬಾರಲೇ" ಎಂದು ಗದರುತ್ತಿದ್ದರು.

ಒಂದು ದಿನ ಅವರೇ ಕೇಳಿದರು, "ಬಾಯಿ, ಒಮ್ಮಿ ನನಗೂ ತೋರಿಸ್ತೀರೇನ್ರಿ?" ಮುಂದಿನ ವಾರ ಥರ್ಮಾಸಿನಲ್ಲಿ ಹದವಾದ ಬಿಸಿನೀರು ಒಯ್ದೆ. ನಾಳದೊಳಗೆ ಸಣ್ಣ ಕೊಳವೆ ತೂರಿಸಿ ನೀರಿಗೆ ಬಿಟ್ಟೆ. ಅದು ಮೆಲ್ಲಗೆ ಅರಳಿ ನಾಳದ ಗೋಡೆಗೆ ಅಂಟಿ ನಿಂತಿತು. ಚಾಚಾ ಉಸಿರು ಬಿಗಿಹಿಡಿದು ನೋಡಿದರು. ಆಮೇಲೆ, "ಇಷ್ಟ್ ದಿನ ನಾಯಿಗಿ ಒಗೀತಿದ್ದೆ ನೋಡ್ರಿ ಇದನ್ನ" ಎಂದರು.

ಮನೆಯಲ್ಲಿ ನಾನು ಬಾಯಿ ಬಿಟ್ಟಿರಲಿಲ್ಲ. ಆದರೆ ನೆಂಟರ ಪೈಕಿ ಯಾರೋ ನೋಡಿ ಅಪ್ಪನ ಕಿವಿಗೆ ಹಾಕಿದರು. ಮುಂದಿನ ಸಲ ನಾನು ಪರದೆಯ ಮುಂದೆ ಡಬ್ಬಿ ಹಿಡಿದು ನಿಂತಾಗ ಅಪ್ಪನ ಗಾಡಿ ಬಂದು ನಿಂತಿತು. ಅಪ್ಪ ಗಾಡಿಯಿಂದ ಇಳಿದರು, ಆದರೆ ಅಂಗಡಿಯ ಕಟ್ಟೆ ಮುಟ್ಟಲಿಲ್ಲ.

"ನನ್ನ ಮಗಳು ಇಲ್ಲಿಗಿ ಬರ್ತಾಳೇನು?" ಎಂದು ಚಾಚಾನನ್ನು ಕೇಳಿದರು.

ನಾನು ಚಾಚಾನ ಕಡೆ ನೋಡಿದೆ. ಇಲ್ಲ ಅನ್ನಿ, ಬಸ್ಸಿಗೆ ಕಾಯುತ್ತಿದ್ದಾಳೆ ಅನ್ನಿ, ಏನಾದರೂ ಅನ್ನಿ ಎಂದು ಕಣ್ಣಲ್ಲೇ ಬೇಡಿಕೊಂಡೆ. ಅವರು ರಸ್ತೆಗಿಳಿದು ಬಂದು ಕೈ ಮುಗಿದರು.

"ಬರ್ತಾರ್ರಿ ಗೌಡ್ರೆ. ವಾರಕ್ಕೊಮ್ಮಿ."

ಅಪ್ಪನ ಮುಖ ಕೆಂಪಾಯಿತು. "ಕಾಲೇಜ್ ಇವತ್ತಿಗಿ ಬಂದ್" ಎಂದರು ನನಗೆ. "ಗಾಡಿ ಹತ್ತು." ಎರಡು ವರ್ಷದ ಕೆಲಸ ಅಲ್ಲಿಗೆ ಮುಗಿಯಿತೆಂದುಕೊಂಡೆ. ಚಾಚಾನ ಮೇಲೆ ಕೆಟ್ಟ ಸಿಟ್ಟು ಬಂತು.

"ಗೌಡ್ರೆ, ಇಲ್ಲ ಅಂತ ಹೇಳಬಹುದಿತ್ತು" ಎಂದರು ಚಾಚಾ. "ನಿಮಗೂ ಸಮಾಧಾನ, ಡಾಕ್ಟರ್ ಬಾಯಿಗೂ ಸಮಾಧಾನ. ಆದ್ರ ನಾ ಮುಚ್ಚಿಟ್ರ ಅವರು ಮಾಡೂದು ತಪ್ಪ್ ಕೆಲಸ ಅಂದಂಗ ಆಗ್ತದ. ಅದು ತಪ್ಪ್ ಕೆಲಸ ಅಲ್ರಿ." ನನ್ನ ಕಡೆ ತಿರುಗಿ, "ನನಗ ತೋರಿಸಿದ್ರಲ್ಲ, ಅಪ್ಪಾಜಿಗೂ ತೋರಿಸ್ರಿ" ಎಂದರು.

ಬ್ಯಾಗಿನಲ್ಲಿದ್ದ ಕೊಳವೆ ತೆಗೆದು, ಪಕ್ಕದ ಮುಚ್ಚಿದ ಸೈಕಲ್ ಅಂಗಡಿಯ ಬೆಂಚಿನ ಮೇಲೆ ತೋರಿಸಿದೆ. ಹದವಾದ ಬಿಸಿನೀರನ್ನು ಚಾಚಾ ಚಹದಂಗಡಿಯಿಂದ ತಂದುಕೊಟ್ಟರು. ಕೊಳವೆ ಎರಡು ಸಲ ಜಾರಿ ಬಿತ್ತು. ಅಪ್ಪ ಮೊದಲು ಮುಖ ತಿರುಗಿಸಿ ನಿಂತಿದ್ದರು. ಕೊಳವೆ ಅರಳುವಾಗ ಬಗ್ಗಿ ನೋಡಿದರು.

"ಎದಿ ಕೊಯ್ಯಾಂಗಿಲ್ಲೇನು?"

"ಇಲ್ಲಪ್ಪ. ಮಣಿಕಟ್ಟಿನಾಗ ಒಂದ್ ಸಣ್ಣ ತೂತು."

"ಎಲ್ಲಾರಿಗೂ ಆಗ್ತದ?"

"ಎಲ್ಲಾರಿಗೂ ಅಲ್ಲ. ಮನುಷ್ಯಾರಿಗಿ ಇನ್ನಾ ಹಾಕೇ ಇಲ್ಲಪ್ಪ. ಭಾಳ ದಿನ ಬೇಕು."

ಅಪ್ಪನ ಕೈ ತಾನಾಗಿಯೇ ಅಂಗಿಯ ಗುಂಡಿಯ ಮೇಲೆ ಹೋಗಿ ನಿಂತಿತು. ಗಾಡಿ ಹತ್ತಿ ಒಬ್ಬರೇ ಹೊರಟುಹೋದರು. ನನ್ನನ್ನು ಬಿಟ್ಟು ಹೋದದ್ದೇ ಒಪ್ಪಿಗೆ ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. "ಅಳೂದು ಆಮ್ಯಾಲ ಅಳ್ರಿ ಬಾಯಿ, ಬಸ್ ಬಂತು" ಎಂದರು ಚಾಚಾ.

ನನ್ನ ಪರವಾಗಿ ಮಾತಾಡಿದವರು, ಶಿಫಾರಸು ಮಾಡಿದವರು ಆಮೇಲೆ ಬೇಕಾದಷ್ಟು ಮಂದಿ ಸಿಕ್ಕಿದ್ದಾರೆ. ನನಗಾಗಿ ಸುಳ್ಳು ಹೇಳಲು ಒಪ್ಪದವರು ಚಾಚಾ ಒಬ್ಬರೇ. ಈಗ ನಾನು ಯಾರಿಗೂ ಅಂಜದೆ ಇದು ನನ್ನ ಕೆಲಸ ಎನ್ನುತ್ತೇನೆ. ಆ ಧೈರ್ಯ ಅವರು ಕೊಟ್ಟದ್ದು. ಅದನ್ನು ಅವರ ಮುಂದೆ ಒಮ್ಮೆ ಸರಿಯಾಗಿ ಹೇಳಿದ್ದರೆ ಚೆನ್ನಾಗಿತ್ತು.

ಹೋದ ಚಳಿಗಾಲದಲ್ಲಿ, ಮುಂಜಾನೆಯ ನಮಾಜು ಮುಗಿಸಿ ಮಲಗಿದ ಚಾಚಾ ಮತ್ತೆ ಏಳಲಿಲ್ಲ. ಸುದ್ದಿ ಬಂದಾಗ ಅಪ್ಪ ಉಣ್ಣಲು ಕೂತಿದ್ದರು. ತಾಟು ಸರಿಸಿ ಎದ್ದು, ತಲೆಗೆ ಸುತ್ತುವ ರುಮಾಲು ಹುಡುಕಿದರು. ಜೇವರ್ಗಿಯಲ್ಲಿ ನಾನು ಹೆಂಗಸರ ಜೊತೆ ಚಾಚಾನ ಮನೆಯಲ್ಲಿ ಕೂತೆ. ಅಪ್ಪ ಗಂಡಸರ ಜೊತೆ ಖಬರಸ್ತಾನಕ್ಕೆ ಹೋಗಿ ಮಣ್ಣು ಹಾಕಿ ಬಂದರು. ತಿರುಗಿ ಬರುವಾಗ ಬಸ್ಸಿನಲ್ಲಿ, ಊರು ಹತ್ತಿರ ಬಂದಾಗ ಅಪ್ಪ ಕೇಳಿದರು.

"ಇನ್ನ ಮ್ಯಾಲ ನಿನಗ ಆ ನರ ಯಾರು ಕೊಡ್ತಾರ?"

"ಬ್ಯಾರೆ ಯಾರಿಗರ ಕೇಳಬೇಕಪ್ಪ" ಎಂದೆ.

"ಗುರ್ತಿಲ್ಲದ ಅಂಗಡಿಗಿ ನೀ ಒಬ್ಬಾಕಿ ಹೋಗಬ್ಯಾಡ" ಎಂದರು ಅಪ್ಪ. "ನಾ ಬರ್ತೇನಿ. ನಾ ಕೇಳ್ತೇನಿ."