ದ್ರಾಹೊಮೀರಾ ಟೀಚರ್ ಬರೆದ ಕಂಪ್ಯೂಟರ್ ಪದಪಟ್ಟಿ

ದ್ರಾಹೊಮೀರಾ ಟೀಚರ್ ಚೆಕ್ ದೇಶದ ನಮ್ಮ ಹುಂಪೊಲೆಟ್ಸ್ ಊರಿನ ಶಾಲೆಯಲ್ಲಿ ಇಪ್ಪತ್ಮೂರು ವರ್ಷ ರಷ್ಯನ್ ಕಲಿಸಿದವರು. ಕಮ್ಯುನಿಸ್ಟ್ ಸರ್ಕಾರ ಹೋದ ಮೇಲೆ ರಷ್ಯನ್ ಯಾರಿಗೂ ಬೇಡವಾಯಿತು. ಹೆಡ್‌ಮಾಸ್ಟರು ಕರೆದು, "ಶನಿವಾರ ಊರಿನ ಆಫೀಸುಗಳವರಿಗೆ ಇಂಗ್ಲಿಷ್ ಕಂಪ್ಯೂಟರ್ ಪದ ಹೇಳಿಕೊಡಿ" ಎಂದರು.

"ನಂಗೆ ಇಂಗ್ಲಿಷೂ ಅಷ್ಟಕ್ಕಷ್ಟೆ, ಕಂಪ್ಯೂಟರಂತೂ ಮುಟ್ಟೇ ಇಲ್ಲ ಸಾರ್."

"ಅವರೂ ಮುಟ್ಟಿಲ್ಲ. ನೀವು ಒಂದು ಪಾಠ ಮುಂದಿದ್ರೆ ಸಾಕು."

ಟೀಚರ್ ನಿಘಂಟು ಹಿಡಿದು ಕೂತು ನೂರಾ ನಲವತ್ತು ಪದಗಳಿಗೆ ಚೆಕ್ ಭಾಷೆಯ ಅರ್ಥವನ್ನು ಟೈಪ್‌ರೈಟರಿನಲ್ಲಿ ಹೊಡೆದರು. ಮೌಸ್‌ಗೆ ಇಲಿ, ವಿಂಡೋಗೆ ಕಿಟಕಿ, ಎಲ್ಲ ಸರಿಯೇ. ಪ್ರಿಂಟರ್‌ಗೆ 'ಟಿಸ್ಕಾರ್ನಾ' ಎಂದು ಬರೆದರು. ಅದೂ ಸರಿಯೇ, ಆದರೆ ನಮ್ಮಲ್ಲಿ ಅಚ್ಚುಕೂಟಕ್ಕೂ ಅದೇ ಹೆಸರು. ಡ್ರೈವರ್ ಅಂದರೆ ಗಾಡಿ ಓಡಿಸುವವನು ಎಂದಿತು ನಿಘಂಟು, ಹಾಗೇ ಬರೆದರು. ಆ ಹೆಸರಿನ ತಂತ್ರಾಂಶ ಇಲ್ಲದೆ ಪ್ರಿಂಟರ್ ಕೆಲಸ ಮಾಡುವುದಿಲ್ಲವೆಂದು ಅವರಿಗೆ ಹೇಳುವವರು ಯಾರು?

ಹಾಲಿನ ಡೈರಿಯ ಗುಮಾಸ್ತ ಬೊಹುಸ್ಲಾವ್ ಶ್ರದ್ಧೆಯ ಶಿಷ್ಯ. ಒಂದು ಮಂಗಳವಾರ ಅವನ ಪರದೆಯ ಮೇಲೆ ಇಂಗ್ಲಿಷಿನಲ್ಲಿ 'ಪ್ರಿಂಟರ್ ಡ್ರೈವರ್ ಸಿಗಲಿಲ್ಲ' ಎಂದು ಬಂತು. ಪಟ್ಟಿಯ ಮೇಲೆ ಬೆರಳಾಡಿಸಿ, ಅಚ್ಚುಕೂಟಕ್ಕೇ ಫೋನ್ ಹಚ್ಚಿದ.

"ನಿಮ್ಮ ವ್ಯಾನ್ ಡ್ರೈವರ್ ಎಲ್ರೀ? ನಮ್ಮ ಕಂಪ್ಯೂಟರ್ ಬೆಳಗ್ಗೆಯಿಂದ ಹುಡುಕ್ತಿದೆ."

ಡ್ರೈವರ್ ವೆಂಡೆಲಿನ್ ಹೆದರಿಕೊಂಡೇ ಬಂದ. "ನಾನೇನಪ್ಪಾ ಮಾಡ್ದೆ?"

"ನಂಗೇನ್ ಗೊತ್ತು? ಅದಕ್ಕೆ ಕಾಣೋ ಹಾಗೆ ಕೂತ್ಕೊ."

ವೆಂಡೆಲಿನ್ ಟೋಪಿ ತೆಗೆದು ಕೂತ. ಬೊಹುಸ್ಲಾವ್ ಗುಂಡಿ ಒತ್ತಿದ. ಅದೇ ಮಾತು.

"ಟೋಪಿ ಹಾಕ್ಕೊ ಮಾರಾಯ. ಗುರುತು ಸಿಕ್ಕಿಲ್ಲವೇನೋ."

ಟೋಪಿ ಹಾಕಿದರೂ ಸಿಗಲಿಲ್ಲ. ಕೊನೆಗೆ ಟೀಚರಿಗೆ ಹೇಳಿಕಳಿಸಿದರು. ಸೈಕಲ್ ತುಳಿದು ಬಂದ ಟೀಚರ್ ಪರದೆ ನೋಡಿದರು, ಅದರೆದುರು ಕೈಕಟ್ಟಿ ಕೂತವನನ್ನು ನೋಡಿದರು. ಪಟ್ಟಿಯಲ್ಲೇ ಏನೋ ಎಡವಟ್ಟಾಗಿದೆ ಎಂದು ಹೊಳೆದು ಮುಖ ಕೆಂಪಾಯಿತು. ಮರುದಿನವೇ ಬಸ್ಸು ಹತ್ತಿ ಯಿಹ್ಲಾವಾಕ್ಕೆ ಹೋಗಿ, ಕಂಪ್ಯೂಟರ್ ರಿಪೇರಿಯವನ ಅಂಗಡಿಯಲ್ಲಿ ಎರಡು ದಿನ ಕೂತು ಒಂದೊಂದೇ ಪದ ಕೇಳಿದರು. ಹದಿನೇಳು ತಪ್ಪು ಸಿಕ್ಕವು.

ಶನಿವಾರ ತರಗತಿಯಲ್ಲಿ ಹದಿನೇಳನ್ನೂ ತಾವೇ ಓದಿ ಹೇಳಿದರು. ಯಾರೂ ಕಿಸಕ್ಕೆನ್ನಲಿಲ್ಲ; ಪಾಠ ಮುಗಿದ ಮೇಲೆ ಬಿಯರ್ ಅಂಗಡಿಯಲ್ಲಿ ಮಾತ್ರ ಹೊಟ್ಟೆ ಹಿಡಿದು ನಕ್ಕರು. ಅಂದು ತರಗತಿಯ ಹಿಂದಿನ ಬೆಂಚಿನಲ್ಲಿ ವೆಂಡೆಲಿನ್ ಕೂತಿದ್ದ.

"ನೀವೇನಿಲ್ಲಿ?" ಎಂದರು ಟೀಚರ್.

"ಆ ಕಂಪ್ಯೂಟರ್ ಇನ್ನೊಂದ್ಸಲ ಕರೆದ್ರೆ ಏನಂತ ಉತ್ತರ ಕೊಡ್ಲಿ ಟೀಚರೇ? ಕಲ್ತೇ ಬಿಡೋಣ ಅಂತ."

ಮೂರು ವರ್ಷದಲ್ಲಿ ಅವನು ವ್ಯಾನ್ ಬಿಟ್ಟು ಅಚ್ಚುಕೂಟದ ಕಂಪ್ಯೂಟರ್ ಮುಂದೆ ಕೂತ. ಟೀಚರ್ ತಿದ್ದಿದ ಪಟ್ಟಿಯನ್ನು ಪುಸ್ತಕವಾಗಿ ಜೋಡಿಸಿದವನೂ ಅವನೇ.