ಫ್ರಿಜ್ಜಿನಲ್ಲಿಟ್ಟ ಮೊಗ್ಗಿನ ಜಡೆ

ಕುಮಟಾದ ಅಂಗಡಿಯಲ್ಲಿ ಫ್ರಿಜ್ಜಿನ ಬಣ್ಣ ಆರಿಸಿದವಳು ನಾನು, ಸ್ಟೆಬಿಲೈಸರ್ ಹಾಕಿಸಿದವಳೂ ನಾನೇ. ಆದರೆ ಧಾರೇಶ್ವರದ ನಮ್ಮ ಅಡುಗೆಮನೆಯ ಹೊಸ್ತಿಲು ದಾಟಿದ ದಿನವೇ ಅದು ಅತ್ತೆಯ ಸುಪರ್ದಿಗೆ ಹೋಯಿತು. ಮೇಲಿನ ರ್ಯಾಕಿನಲ್ಲಿ ಹಾಲು, ಮೊಸರು, ಬೆಣ್ಣೆ. ನಡುವಿನದರಲ್ಲಿ ಉಳಿದ ಅನ್ನ, ಹುಳಿ, ಪಲ್ಯ. ಕೆಳಗಿನ ತರಕಾರಿ ಡಬ್ಬದಲ್ಲಿ ತರಕಾರಿಗಿಂತ ಹೆಚ್ಚು ದೇವರ ಹೂವು. ಬೇಯಿಸಿದ ಅನ್ನ, ಹುಳಿ ಎಲ್ಲ ಮುಸುರೆ, ಅದು ಹೂವಿಗೆ ತಾಗಬಾರದು. ಅನ್ನದ ಪಾತ್ರೆ ಮುಟ್ಟಿದ ಕೈಯನ್ನು ತೊಳೆಯದೆ ಹಾಲಿನ ಪಾತ್ರೆ ಮುಟ್ಟಬಾರದು. ಒಂದು ಲಿಂಬೆಹಣ್ಣು ತೆಗೆಯಲು ಎರಡೆರಡು ಸಲ ಕೈ ತೊಳೆಯಬೇಕೆಂದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ. ನನಗಂತೂ ಮೂಗಿನ ತುದಿಯಲ್ಲೇ ಇರುತ್ತದೆ.

ಹೊನ್ನಾವರಕ್ಕೆ ಕೊಟ್ಟ ನಾದಿನಿಯ ಸೀಮಂತ ನಮ್ಮ ಮನೆಯಲ್ಲೇ ಎಂದು ನಿಶ್ಚಯವಾಯಿತು. ಮಗಳಿಗೆ ಮೊಗ್ಗಿನ ಜಡೆಯನ್ನು ತಾನೇ ಹೆಣೆಯಬೇಕು, ಅದೂ ಅಂಗಳದ ಮಲ್ಲಿಗೆಯಿಂದಲೇ ಎಂದು ಅತ್ತೆ ಹಟ ಹಿಡಿದರು. ಆ ಗಿಡಗಳು ಸಂಜೆಗೆ ಕೊಡುವುದು ಒಂದೊಂದು ಹಿಡಿ. ಭಟ್ಕಳದ ಮಲ್ಲಿಗೆ ತರಿಸೋಣ ಅಂದೆ.

"ಪೇಟೆ ಹೂವು ಯಾರಾದ್ರೂ ತತ್ತ. ಇದು ಆಯಿ ಮನೆ ಹೂವು," ಅಂದರು. ಮಗಳಿಗೆ ತವರಿನ ಹೂವೇ ಆಗಬೇಕು.

ಹಾಗಾಗಿ ದಿನಾ ಸಂಜೆ ಕೊಯ್ದ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರಕಾರಿ ಡಬ್ಬದಲ್ಲಿ ಕೂಡಿಡುವ ಕೆಲಸ ಶುರುವಾಯಿತು. ಒಂದು ಬೆಳಿಗ್ಗೆ ಗಂಟು ಬಿಚ್ಚಿದ ಅತ್ತೆ ನನ್ನನ್ನು ಕೂಗಿ ಕರೆದರು.

"ತಂಗಿ, ಮೊಗ್ಗು ಬಾಯಿ ಬಿಡ್ತಾ ಇದ್ದು. ಎಂತ ಆತು ಇದಕ್ಕೆ?"

ನಿಜ, ಡಬ್ಬದೊಳಗೆ ತಂಪೇ ಇರಲಿಲ್ಲ. ಅರಳಿದ ಹೂವಿನಿಂದ ಮೊಗ್ಗಿನ ಜಡೆ ಆಗುವುದುಂಟೇ? ರಿಪೇರಿಯವನಿಗೆ ಫೋನ್ ಮಾಡಿದರೆ, "ಭಟ್ಕಳದ ಬದಿಗೆ ಇದ್ದೆ ಅಕ್ಕ, ಸೋಮವಾರ ಬರ್ತೆ," ಅಂದ. ಸೀಮಂತ ಇದ್ದದ್ದು ಭಾನುವಾರ.

ನಾನೇ ಸೆರಗು ಸಿಕ್ಕಿಸಿದೆ. ಸ್ಟೆಬಿಲೈಸರಿನ ಹಸಿರು ದೀಪ ಸರಿಯಾಗಿಯೇ ಉರಿಯುತ್ತಿತ್ತು. ಹಳೆ ಕ್ಯಾಲೆಂಡರಿನ ಹಾಳೆಯೊಂದನ್ನು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡಿದೆ. ರಬ್ಬರು ಬಿಗಿಯಾಗಿ ಹಿಡಿದುಕೊಂಡಿತ್ತು. ಪ್ಲಗ್ ತೆಗೆದು, ಫ್ರಿಜ್ಜನ್ನು ಗೋಡೆಯಿಂದ ಮುಂದಕ್ಕೆ ಎಳೆದು, ಹಿಂದಿನ ಧೂಳನ್ನೆಲ್ಲ ಗುಡಿಸಿದೆ. ಎಂದೋ ಕಳೆದುಹೋಗಿದ್ದ ಒಗ್ಗರಣೆ ಸೌಟು ಸಿಕ್ಕಿತೇ ಹೊರತು ತಂಪು ಸಿಗಲಿಲ್ಲ. ನನ್ನ ಗಂಡ ದೊಡ್ಡ ಮೆಕ್ಯಾನಿಕ್ಕಿನ ಹಾಗೆ ಬಂದು ಒಳಗಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಹೋದರು. ಮರುದಿನ ಮೇಲೆ ಹಾಲು ಕಲ್ಲಾಗಿತ್ತು, ಕೆಳಗೆ ಇನ್ನಷ್ಟು ಮಲ್ಲಿಗೆ ಅರಳಿ ಘಮಘಮಿಸುತ್ತಿತ್ತು. ಫ್ರಿಜ್ಜಿನ ಬಾಗಿಲು ತೆಗೆದರೆ ದೇವರ ಕೋಣೆಯ ವಾಸನೆ. ಎಷ್ಟು ಸಂಕಟವಿದ್ದರೂ ನನಗೆ ನಗು ಬಂತು.

ಮೇಲೆ ಹಿಮ, ಕೆಳಗೆ ಸೆಖೆ ಅಂದರೆ ನಡುವೆ ಏನೋ ಅಡ್ಡ ಇರಬೇಕಲ್ಲ? ಹುಳಿ, ಪಲ್ಯದ ಪಾತ್ರೆಗಳನ್ನೆಲ್ಲ ಹೊರಗೆ ತೆಗೆದೆ. ಸರಳಿನ ರ್ಯಾಕಿನ ಮೇಲೆ, ಈ ಗೋಡೆಯಿಂದ ಆ ಗೋಡೆಯವರೆಗೆ, ಅಳತೆ ಮಾಡಿ ಕತ್ತರಿಸಿದ ದಪ್ಪ ಪ್ಲಾಸ್ಟಿಕ್ಕು. ಊಟದ ಮೇಜಿಗೆ ಹಾಸಿ ಉಳಿದ ತುಂಡು. ಹಿಂದೆ ಮುಂದೆ ಒಂದು ಬೆರಳು ತೂರದ ಹಾಗೆ ಸಿಕ್ಕಿಕೊಂಡಿತ್ತು.

"ಅದು ತೆಗಿಯಡ," ಅತ್ತೆ ಗಾಬರಿಯಾದರು. "ಹುಳಿ ಹನಿದ್ರೆ ಸೀದಾ ಹೂವಿಗೆ ಬೀಳ್ತು."

ನನ್ನ ನಾಲಗೆ ತುದಿಗೆ ಏನೇನೋ ಬಂದಿತ್ತು. ಆದರೆ ಒದ್ದೆ ಬಟ್ಟೆಯಲ್ಲಿ ಗಟ್ಟಿ ಮೊಗ್ಗುಗಳನ್ನು ಒಂದೊಂದೇ ಹುಡುಕುತ್ತಿದ್ದ ಅವರನ್ನು ನೋಡಿ ಮನಸ್ಸು ಕರಗಿತು. ಮಗಳ ಜಡೆಗೆ ಚೂರೂ ದೋಷ ತಾಗಬಾರದೆಂದು ಅವರು ಮಾಡಿದ್ದಲ್ಲವೇ ಇದೆಲ್ಲ?

"ಅತ್ತೆ, ಥಂಡಿ ಮೇಲಿಂದ ಕೆಳಗೆ ಇಳಿತು. ಇದು ಅಡ್ಡ ಇದ್ರೆ ಇಳಿತಿಲ್ಲೆ," ಅಂದೆ.

ಅವರು ಯೋಚಿಸಿದರು. "ಥಂಡಿನೂ ಕೆಳಗೇ ಇಳಿತಾ?"

"ಹೌದು."

"ಹುಳಿನೂ ಕೆಳಗೇ ಇಳಿತು." ಅತ್ತೆ ಕೆಳಗಿನ ಡಬ್ಬ ಎಳೆದು ನೋಡಿದರು. "ಹಂಗಾದ್ರೆ ಮುಸುರೆನೇ ಎಲ್ಲಕ್ಕಿಂತ ಕೆಳಗೆ ಇಡನ. ಮೇಲೆ ಹಾರ್ತಿಲ್ಲೆ ಅಲ್ದಾ?"

ಅಷ್ಟೇ ನೋಡಿ. ಹುಳಿ, ಪಲ್ಯ ತರಕಾರಿ ಡಬ್ಬಕ್ಕಿಳಿದವು, ಹೂವು ನಡುವಿಗೆ ಏರಿತು, ಪ್ಲಾಸ್ಟಿಕ್ಕು ಮೇಜಿಗೆ ಮರಳಿತು. ಅರಳಿದ ಹೂವನ್ನು ದೇವರಿಗೆ ಏರಿಸಿ ಉಳಿದದ್ದನ್ನು ಅತ್ತೆ, ನಾನು ತಲೆ ತುಂಬ ಮುಡಿದೆವು. ಗಿಡಗಳಿಗೂ ನಮ್ಮ ಅವಸರ ಗೊತ್ತಾಯಿತೋ ಏನೋ, ಮುಂದಿನ ಸಂಜೆಗಳಲ್ಲಿ ಬೊಗಸೆ ತುಂಬ ಕೊಟ್ಟವು. ಶನಿವಾರ ಅತ್ತೆ ಬಾಳೆಪಟ್ಟೆಗೆ ಮೊಗ್ಗು ಹೊಲಿದು ಮುಗಿಸಿ, ಬಾಳೆಎಲೆಯ ಮೇಲೆ ಜಡೆಯನ್ನು ಮಲಗಿಸಿ ಫ್ರಿಜ್ಜಿನೊಳಗಿಟ್ಟರು. ಆಮೇಲೆ ಬಾಗಿಲು ತೆಗೆಯಲು ನಾನು ಯಾರನ್ನೂ ಬಿಡಲಿಲ್ಲ. ಮೊಸರು ಕೇಳಿದ ಗಂಡನಿಗೆ ಉಪ್ಪಿನಕಾಯಿ ಬಡಿಸಿದೆ.

ಭಾನುವಾರ ನಾದಿನಿ ರೇಷ್ಮೆ ಸೀರೆಯುಟ್ಟು ಮಣೆಯ ಮೇಲೆ ಕೂತಳು. ಒಂದು ಮೊಗ್ಗೂ ಬಾಯಿ ಬಿಡದ ಜಡೆಯನ್ನು ತಂದು ಬೆನ್ನಿಗೆ ಕಟ್ಟಿದೆ. ತಣ್ಣಗೆ ತಾಗಿದ್ದೇ ಅವಳು ನೆಟ್ಟಗಾದಳು. ಮರುಗಳಿಗೆಗೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಆಯೀ, ಬಾ ಇಲ್ಲಿ. ಒಳಗಿದ್ದದ್ದಕ್ಕೂ ಥಂಡಿ ಆತು. ಒದ್ದತು."

ಅತ್ತೆ ಅಡುಗೆಮನೆಯಲ್ಲಿ ಚಿತ್ರಾನ್ನ ಕಲಸುತ್ತಿದ್ದರು. ಕಲಸುತ್ತಿದ್ದ ಕೈಯಲ್ಲೇ ಓಡಿಬಂದರು. ಅದೇ ಕೈಯನ್ನು ಮಗಳ ಹೊಟ್ಟೆಯ ಮೇಲಿಟ್ಟು, ಇನ್ನೊಂದು ಒದೆತಕ್ಕೆ ಕಾದು, ಅದು ಸಿಕ್ಕಿದ ಮೇಲೆ ಅದೇ ಕೈಯಲ್ಲಿ ಜಡೆಯನ್ನು ಮೇಲಿನಿಂದ ಕೆಳಗೆ ಸವರಿದರು. ತುದಿಯ ಮೊಗ್ಗಿಗೆ ಹಳದಿ ಅನ್ನದ ಅಗುಳೊಂದು ಅಂಟಿಕೊಂಡಿತು. ಅತ್ತೆಯೂ ನೋಡಿದರು, ನಾನೂ ನೋಡಿದೆ. ಇಬ್ಬರೂ ತೆಗೆಯಲಿಲ್ಲ.